ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್: ಕೃಪೆಯನ್ನು ನಂಬಿದ ದುಡಿಮೆಗಾರ

ಹೈದರಾಬಾದಿನಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಮಕ್ಕಳು ತೆಲುಗು, ಉರ್ದು, ಇಂಗ್ಲಿಷುಗಳ ನಡುವೆ ಬೆಳೆಯುತ್ತಾರೆ. ಹಳೆಯ ಕನ್ನಡ ಪದವೊಂದರ ಅರ್ಥ ತಿಳಿಯದಾದಾಗ ಹಿರಿಯರು ಕಿಟ್ಟೆಲ್ ಕೋಶವನ್ನು ನೆನೆಯುತ್ತಾರೆ. ಆ ಕೋಶದ ಕರ್ತೃ ಕನ್ನಡನಾಡಿಗೆ ಬಂದುದು ನಿಘಂಟು ಬರೆಯಲಿಕ್ಕಲ್ಲ, ಮುಕ್ತಿಯ ಮಾತು ಹೇಳಲಿಕ್ಕೆ.

1832ರ ಏಪ್ರಿಲ್ 7ರಂದು ಜರ್ಮನಿಯ ಪೂರ್ವ ಫ್ರೀಸ್‌ಲೆಂಡಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಕಿಟ್ಟೆಲ್, ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಸೇವೆ ಸಲ್ಲಿಸಿದರು.

ಅವರ ಪ್ರಾಟೆಸ್ಟೆಂಟ್ ಪರಂಪರೆಯಲ್ಲಿ ರಕ್ಷಣೆಯ ವಿಚಾರ ಬಹು ಕಠಿಣವಾದುದು. ಎಷ್ಟೇ ಪುಣ್ಯಕಾರ್ಯ ಮಾಡಿದರೂ ಮನುಷ್ಯನು ಮುಕ್ತಿಯನ್ನು ಗಳಿಸಲಾರ. ದೇವರ ಕೃಪೆ ಉಚಿತ ದಾನ, ಅದನ್ನು ವಿಶ್ವಾಸದಿಂದ ಸ್ವೀಕರಿಸಬೇಕಷ್ಟೆ. ಬ್ಯಾಂಕಿನಲ್ಲಿ ಜಮಾಖರ್ಚು ಬರೆದೇ ವರ್ಷಗಳನ್ನು ಕಳೆದ ನನಗೆ, ನಮ್ಮ ಹೆಸರಿನಲ್ಲಿ ಜಮೆಯ ಅಂಕಣವೇ ಇಲ್ಲದ ಈ ಲೆಕ್ಕ ಸುಲಭವಾಗಿ ಒಗ್ಗದು. ಕನ್ನಡದಲ್ಲಿ ಅದನ್ನು ಹೇಳುವುದು ಇನ್ನೂ ಕಷ್ಟ. ಮೋಕ್ಷವೆಂದೊಡನೆ ಕೇಳುಗರ ಮನಸ್ಸಿಗೆ ಬರುತ್ತಿದ್ದುದು ಜನನಮರಣಗಳಿಂದ ಬಿಡುಗಡೆ. ಕಿಟ್ಟೆಲ್ ಹೇಳಬೇಕಾಗಿದ್ದುದು ಪಾಪದಿಂದ ಬಿಡುಗಡೆ. ಪ್ರಸಾದವೆಂಬುದೋ ಶರಣರು ಆಗಲೇ ಅರ್ಥ ತುಂಬಿಟ್ಟಿದ್ದ ಪದ. ಮಾಡಿದ್ದನ್ನು ತಾನೇ ಉಣ್ಣಬೇಕೆಂದು ನಂಬಿದವರಿಗೆ, ಮತ್ತೊಬ್ಬನ ಬಲಿದಾನದಿಂದ ತನ್ನ ಪಾಪ ತೀರುವುದೆಂಬ ಮಾತು ಹೇಗೆ ತಾನೆ ರುಚಿಸೀತು?

ಆದ್ದರಿಂದ ಅವರು ಜನರ ನುಡಿಯೊಳಕ್ಕೇ ಇಳಿದರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಪದ್ಯರೂಪದಲ್ಲಿ ‘ಕಥಾಮಾಲೆ’ ಎಂದು ಪ್ರಕಟಿಸಿದರು. 1872ರಲ್ಲಿ ಯಜ್ಞವನ್ನು ಕುರಿತ ಪುಸ್ತಿಕೆಯೂ ಕೇಶಿರಾಜನ ಶಬ್ದಮಣಿದರ್ಪಣದ ಆವೃತ್ತಿಯೂ ಹೊರಬಂದವು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ. ಮತಾಂತರದ ಉದ್ದೇಶವನ್ನು ನಮ್ಮಲ್ಲಿ ಅನೇಕರು ಒಪ್ಪಲಾರರು. ಆ ದಿಸೆಯಲ್ಲಿ ಅವರಿಗೆ ಹೇಳಿಕೊಳ್ಳುವಂಥ ಫಲವೂ ದೊರೆಯಲಿಲ್ಲ.

ದೊರೆತದ್ದು ಬೇರೆಯೇ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟು ಸುಮಾರು 70,000 ಪದಗಳ, 1,700ಕ್ಕೂ ಹೆಚ್ಚು ಪುಟಗಳ ಮಹಾಕಾರ್ಯ. ಅದರಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದ, ಹಳ್ಳಿಯ ಗಾದೆ ಎಲ್ಲವೂ ಪ್ರಮಾಣವಾಗಿ ನಿಂತಿವೆ. ತಾನು ತಿದ್ದಬೇಕೆಂದು ಬಂದ ನಂಬಿಕೆಗಳ ಮಾತುಗಳನ್ನೇ ಅವರು ಅಷ್ಟು ಶ್ರದ್ಧೆಯಿಂದ ಕೂಡಿಟ್ಟರು. ದುಡಿಮೆಯಿಂದ ಮುಕ್ತಿಯಿಲ್ಲವೆಂದು ನಂಬಿದವರು ಇಷ್ಟು ದುಡಿದದ್ದೇಕೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕೃಪೆ ಪಡೆದವನು ಕೃತಜ್ಞತೆಯಿಂದ ದುಡಿಯುತ್ತಾನೆ, ಕೂಲಿಗಾಗಿ ಅಲ್ಲ ಎಂದು ಅವರ ಮತ ಬಲ್ಲವರು ಹೇಳುತ್ತಾರೆ.

1892ರಲ್ಲೇ ಅವರು ಭಾರತವನ್ನು ಕೊನೆಯ ಬಾರಿಗೆ ಬಿಟ್ಟಿದ್ದರು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಅದೇ ಊರಿನಲ್ಲಿ 1903ರ ಡಿಸೆಂಬರಿನಲ್ಲಿ, ಕನ್ನಡ ವ್ಯಾಕರಣವೊಂದನ್ನು ಮುಗಿಸಿದ ವರ್ಷದಲ್ಲೇ, ಅವರು ತೀರಿಕೊಂಡರು.