ಕುರ್ಟ್ ಟ್ಯಾಂಕ್

ಕುರ್ಟ್ ಟ್ಯಾಂಕ್ (24 ಫೆಬ್ರವರಿ 1898 – 5 ಜೂನ್ 1983) ಜರ್ಮನಿಯ ವಿಮಾನ ವಿನ್ಯಾಸಕ ಮತ್ತು ಪರೀಕ್ಷಾ ಪೈಲಟ್. ಎರಡನೆಯ ಮಹಾಯುದ್ಧದ ಕಾಲದ ಎಫ್‌ಡಬ್ಲ್ಯು 190 ಯುದ್ಧವಿಮಾನದ ವಿನ್ಯಾಸದಿಂದ ಅವರು ಪ್ರಸಿದ್ಧರಾದರು. ಯುದ್ಧಾನಂತರ ಅರ್ಜೆಂಟೀನಾದಲ್ಲಿ ಕೆಲವು ವರ್ಷ ಕೆಲಸ ಮಾಡಿ, 1956ರಲ್ಲಿ ಬೆಂಗಳೂರಿಗೆ ಬಂದು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಸಂಸ್ಥೆಯಲ್ಲಿ (1964ರಿಂದ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್, ಎಚ್‌ಎಎಲ್) ಭಾರತದ ಮೊದಲ ಜೆಟ್ ಯುದ್ಧವಿಮಾನವಾದ ಎಚ್‌ಎಫ್-24 ಮಾರುತ್‌ನ ವಿನ್ಯಾಸವನ್ನು ಮುನ್ನಡೆಸಿದರು. ಈ ವಿಮಾನವನ್ನು ಲೋಹದಲ್ಲಿ ಕಟ್ಟುವ ಮೊದಲು ಅದರ ಪೂರ್ಣ ಗಾತ್ರದ ಮರದ ಮಾದರಿಯೊಂದನ್ನು ಬೆಂಗಳೂರಿನಲ್ಲಿ ನಿರ್ಮಿಸಿ, ಇಂಜಿನ್ ಇಲ್ಲದೆಯೇ ಹಾರಿಸಿ ಪರೀಕ್ಷಿಸಲಾಯಿತು.

ಆರಂಭಿಕ ಜೀವನ

ಟ್ಯಾಂಕ್ ಜನಿಸಿದ್ದು ಅಂದಿನ ಪ್ರಷ್ಯಾದ ಬ್ರೊಮ್‌ಬೆರ್ಗ್ ನಗರದಲ್ಲಿ. ಇಂದು ಅದು ಪೋಲೆಂಡಿನ ಬಿಡ್‌ಗೋಶ್ಚ್. ಸೈನಿಕ ಹಿನ್ನೆಲೆಯ ಕುಟುಂಬ ಅವರದು. ಮೊದಲನೆಯ ಮಹಾಯುದ್ಧ ಆರಂಭವಾದಾಗ ವಾಯುದಳ ಸೇರುವ ಆಸೆಯಿದ್ದರೂ ತಂದೆಯ ಒತ್ತಾಯಕ್ಕೆ ಮಣಿದು ಅಶ್ವದಳವನ್ನು ಸೇರಿದರು. ಯುದ್ಧ ಮುಗಿಯುವ ಹೊತ್ತಿಗೆ ಕ್ಯಾಪ್ಟನ್ ಆಗಿದ್ದ ಅವರಿಗೆ ಶೌರ್ಯಕ್ಕಾಗಿ ಹಲವು ಪದಕಗಳು ದೊರೆತಿದ್ದವು.

ಬಳಿಕ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಇಂಜಿನಿಯರಿಂಗ್ ಓದಿ 1923ರಲ್ಲಿ ಪದವಿ ಪಡೆದರು. ವಿದ್ಯಾರ್ಥಿಗಳೇ ಗ್ಲೈಡರುಗಳನ್ನು ವಿನ್ಯಾಸ ಮಾಡಿ, ಕಟ್ಟಿ, ಹಾರಿಸುವ ಅಕಾಫ್ಲೀಗ್ ಬರ್ಲಿನ್ ಎಂಬ ಕೂಟದ ಸ್ಥಾಪಕರಲ್ಲಿ ಅವರೂ ಒಬ್ಬರು. ಯುದ್ಧಾನಂತರದ ಒಪ್ಪಂದದಿಂದಾಗಿ ಜರ್ಮನಿಯಲ್ಲಿ ಇಂಜಿನ್ ಚಾಲಿತ ವಿಮಾನಗಳ ನಿರ್ಮಾಣಕ್ಕೆ ಕಟ್ಟುಪಾಡುಗಳಿದ್ದ ಕಾಲವದು. ಆ ಪೀಳಿಗೆಯ ಬಹುಪಾಲು ಜರ್ಮನ್ ವಿನ್ಯಾಸಕರು ವಿಮಾನವಿದ್ಯೆಯ ಮೊದಲ ಪಾಠಗಳನ್ನು ಗ್ಲೈಡರುಗಳಿಂದಲೇ ಕಲಿತರು. ಟ್ಯಾಂಕ್ ವಿಮಾನ ಚಾಲನೆಯನ್ನೂ ಕಲಿತು, ಮುಂದೆ ತಾವು ರೂಪಿಸಿದ ವಿಮಾನಗಳನ್ನು ಸ್ವತಃ ಹಾರಿಸಿ ನೋಡುವುದನ್ನು ರೂಢಿ ಮಾಡಿಕೊಂಡರು.

ರೋರ್‌ಬಾಖ್ ಸಂಸ್ಥೆಯಲ್ಲಿ ನೀರಿನ ಮೇಲಿಳಿಯುವ ಲೋಹದ ವಿಮಾನಗಳ ವಿನ್ಯಾಸದಲ್ಲಿ ಕೆಲವು ವರ್ಷ, ಆಮೇಲೆ ಬವೇರಿಯಾದ ವಿಮಾನ ಕಾರ್ಖಾನೆಯಲ್ಲಿ ಅಲ್ಪಕಾಲ ದುಡಿದು, 1931ರಲ್ಲಿ ಬ್ರೆಮೆನ್‌ನ ಫೋಕೆ-ವುಲ್ಫ್ ಸಂಸ್ಥೆಯನ್ನು ಸೇರಿದರು.

ಫೋಕೆ-ವುಲ್ಫ್ ವರ್ಷಗಳು

ಇಲ್ಲಿ ಅವರಿಗೆ ಮೊದಲು ಹೆಸರು ತಂದುಕೊಟ್ಟದ್ದು ಎರಡು ಜೊತೆ ರೆಕ್ಕೆಗಳ ತರಬೇತಿ ವಿಮಾನ ಎಫ್‌ಡಬ್ಲ್ಯು 44. ಅದನ್ನು ಪರವಾನಗಿ ಪಡೆದು ತಯಾರಿಸಿದ ದೇಶಗಳಲ್ಲಿ ಅರ್ಜೆಂಟೀನಾ ಕೂಡ ಇತ್ತು. ಮುಂದೆ ಟ್ಯಾಂಕ್ ಆ ದೇಶಕ್ಕೆ ಹೋದಾಗ ಅವರ ಹೆಸರು ಅಲ್ಲಿಗೆ ಹೊಸದಾಗಿರಲಿಲ್ಲ. ನಾಲ್ಕು ಇಂಜಿನ್‌ಗಳ ಪ್ರಯಾಣಿಕ ವಿಮಾನ ಎಫ್‌ಡಬ್ಲ್ಯು 200 ಕಾಂಡೋರ್ 1937ರ ಜುಲೈಯಲ್ಲಿ ಮೊದಲ ಬಾರಿ ಹಾರಿದಾಗ ಅದನ್ನು ನಡೆಸಿದವರು ಟ್ಯಾಂಕ್ ಅವರೇ. ಮರುವರ್ಷದ ಆಗಸ್ಟ್‌ನಲ್ಲಿ ಕಾಂಡೋರ್ ಬರ್ಲಿನ್‌ನಿಂದ ನ್ಯೂಯಾರ್ಕ್‌ಗೆ ಎಲ್ಲಿಯೂ ಇಳಿಯದೆ ಹಾರಿತು. ಯುದ್ಧ ಬಂದ ಮೇಲೆ ಇದೇ ವಿಮಾನ ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿನ ಹಡಗುಗಳನ್ನು ಬೇಟೆಯಾಡಲು ಬಳಕೆಯಾಯಿತು.

ಎಫ್‌ಡಬ್ಲ್ಯು 190 ಯುದ್ಧವಿಮಾನದ ಮೊದಲ ಹಾರಾಟ ನಡೆದದ್ದು 1 ಜೂನ್ 1939ರಂದು. ಟ್ಯಾಂಕ್ ಅವರ ಮನಸ್ಸಿನಲ್ಲಿದ್ದುದು ಪಂದ್ಯದ ಕುದುರೆಯಲ್ಲ, ದಂಡಿನ ಕುದುರೆ. ಒರಟು ನೆಲದಲ್ಲಿ ಇಳಿಯಬಲ್ಲ, ಪೆಟ್ಟು ತಿಂದರೂ ಹಾರಬಲ್ಲ, ರಣರಂಗದ ಸಾಮಾನ್ಯ ಮೆಕ್ಯಾನಿಕ್ ಕೂಡ ದುರಸ್ತಿ ಮಾಡಬಲ್ಲ ಯಂತ್ರ ತಮಗೆ ಬೇಕೆಂದು ಅವರು ವಿವರಿಸಿದ್ದರು. ಗಾಲಿಗಳ ನಡುವೆ ಅಗಲವಾದ ಅಂತರ, ಗಾಳಿಯಿಂದ ತಣಿಯುವ ಇಂಜಿನ್ ಇವೆಲ್ಲ ಆ ವಿಚಾರದಿಂದಲೇ ಬಂದವು. ಆದರೆ ಆರಂಭದ ತೊಂದರೆಗಳೆಲ್ಲ ಬಂದದ್ದೂ ಇಂಜಿನ್‌ನಿಂದಲೇ. ಅದು ವಿಪರೀತ ಕಾಯುತ್ತಿತ್ತು, ಪೈಲಟ್ ಕೂರುವ ಜಾಗ ಒಲೆಯಂತಾಗುತ್ತಿತ್ತು. ಇಂಜಿನ್ ಬದಲಿಸಿ, ತಣಿಸುವ ವ್ಯವಸ್ಥೆಯನ್ನು ಹಲವು ಸಲ ತಿದ್ದಿದ ಬಳಿಕವೇ ವಿಮಾನ ಸೇವೆಗೆ ಯೋಗ್ಯವಾಯಿತು. 1941ರಲ್ಲಿ ಅದು ಇಂಗ್ಲಿಷ್ ಕಾಲುವೆಯ ಮೇಲೆ ಕಾಣಿಸಿಕೊಂಡಾಗ ಬ್ರಿಟನ್ನಿನ ಅಂದಿನ ಸ್ಪಿಟ್‌ಫೈರ್‌ಗಳು ಅದಕ್ಕೆ ಸಾಟಿಯಾಗಲಿಲ್ಲ. ಯುದ್ಧ ಮುಗಿಯುವವರೆಗೆ ಈ ಬಗೆಯ ವಿಮಾನಗಳು ಸುಮಾರು 20,000 ತಯಾರಾದವು. ಕೊನೆಯ ವರ್ಷಗಳಲ್ಲಿ ಫೋಕೆ-ವುಲ್ಫ್ ಸೇರಿದಂತೆ ಜರ್ಮನಿಯ ವಿಮಾನ ಕಾರ್ಖಾನೆಗಳು ಬಲವಂತದಿಂದ ಕರೆತಂದ ಕಾರ್ಮಿಕರನ್ನು ದುಡಿಸಿಕೊಂಡವು. ಟ್ಯಾಂಕ್ ಅವರ ತಾಂತ್ರಿಕ ಸಾಧನೆಯನ್ನು ಹೊಗಳುವ ಬರಹಗಳು ಇದನ್ನು ಹೇಳದೆ ಬಿಡುವುದೇ ಹೆಚ್ಚು.

1943ರಲ್ಲಿ ಬ್ರೌನ್‌ಶ್ವೈಗ್ ತಾಂತ್ರಿಕ ವಿಶ್ವವಿದ್ಯಾಲಯ ಅವರಿಗೆ ಗೌರವ ಪ್ರಾಧ್ಯಾಪಕ ಪದವಿ ನೀಡಿತು. ಅವರ ಮುಂದಿನ ವಿಮಾನಗಳಿಗೆ ಅವರ ಹೆಸರಿನ ಮೊದಲ ಅಕ್ಷರಗಳನ್ನೇ ಸೇರಿಸಿ ಟಾ 152, ಟಾ 154 ಎಂದು ಕರೆಯಲಾಯಿತು. 1944ರ ಕೊನೆಯಲ್ಲಿ ಟಾ 152ರ ಒಂದು ಮಾದರಿಯನ್ನು ಅವರೇ ನಡೆಸಿಕೊಂಡು ಹೋಗುತ್ತಿದ್ದಾಗ ಅಮೆರಿಕದ ಮಸ್ಟಾಂಗ್ ಯುದ್ಧವಿಮಾನಗಳು ಎದುರಾದವು. ಇಂಜಿನ್ನಿನ ಪೂರ್ಣ ಶಕ್ತಿ ಬಳಸಿ ಅವುಗಳಿಂದ ತಪ್ಪಿಸಿಕೊಂಡರು.

ಟಾ 154ರ ಕಥೆ ಬೇರೆ. ಲೋಹದ ಕೊರತೆಯಿಂದಾಗಿ ಇದನ್ನು ಬಹುಮಟ್ಟಿಗೆ ಮರದಲ್ಲಿ ಕಟ್ಟಲಾಗಿತ್ತು. ಮರದ ಪದರಗಳನ್ನು ಬೆಸೆಯುವ ಟೇಗೋ ಎಂಬ ಅಂಟುಹಾಳೆಯನ್ನು ತಯಾರಿಸುತ್ತಿದ್ದ ವುಪ್ಪರ್‌ಟಾಲ್‌ನ ಕಾರ್ಖಾನೆ 1943ರ ಬಾಂಬು ದಾಳಿಯಲ್ಲಿ ನಾಶವಾಯಿತು. ಬದಲಿಗೆ ಬಂದ ಅಂಟಿನಲ್ಲಿದ್ದ ಆಮ್ಲ ಮರವನ್ನೇ ತಿಂದುಹಾಕುತ್ತಿತ್ತು. 1944ರಲ್ಲಿ ಕೆಲವು ವಿಮಾನಗಳು ಅಪಘಾತಕ್ಕೀಡಾದ ಬಳಿಕ ಟ್ಯಾಂಕ್ ಉತ್ಪಾದನೆಯನ್ನು ನಿಲ್ಲಿಸಿದರು. ಅದಕ್ಕಾಗಿ ವಾಯುಪಡೆಯ ಮುಖ್ಯಸ್ಥ ಗೋರಿಂಗ್‌ನಿಂದ ವಿಧ್ವಂಸಕ ಕೃತ್ಯದ ಆರೋಪವನ್ನೂ ಎದುರಿಸಬೇಕಾಯಿತು.

ಅರ್ಜೆಂಟೀನಾದಲ್ಲಿ

ಯುದ್ಧ ಮುಗಿದಾಗ ಹಿಂಬಾಗಿದ ರೆಕ್ಕೆಗಳ ಜೆಟ್ ಯುದ್ಧವಿಮಾನ ಟಾ 183ರ ವಿನ್ಯಾಸ ಕಾಗದದ ಮೇಲೆಯೇ ಉಳಿದಿತ್ತು. ಬ್ರಿಟನ್, ಚೀನಾ ಮತ್ತು ಸೋವಿಯತ್ ಒಕ್ಕೂಟದೊಂದಿಗಿನ ಮಾತುಕತೆಗಳು ಫಲಿಸಲಿಲ್ಲ. 1947ರಲ್ಲಿ ಟ್ಯಾಂಕ್ ಪೆದ್ರೊ ಮಾತ್ತೀಸ್ ಎಂಬ ಸುಳ್ಳು ಹೆಸರಿನ ದಾಖಲೆಗಳೊಂದಿಗೆ ಅರ್ಜೆಂಟೀನಾ ತಲುಪಿದರು. ಹಳೆಯ ಸಹೋದ್ಯೋಗಿಗಳು ಹಲವರು ಅವರನ್ನು ಹಿಂಬಾಲಿಸಿದರು. ಕೊರ್ಡೊಬಾ ನಗರದ ವಿಮಾನ ಸಂಸ್ಥೆಯಲ್ಲಿ ಈ ತಂಡ ರೂಪಿಸಿದ ಪುಲ್ಕಿ-2 ಜೆಟ್ ವಿಮಾನದ ಆಕಾರವನ್ನು ಮೊದಲು ಇಂಜಿನ್‌ರಹಿತ ಗ್ಲೈಡರ್ ಮೂಲಕ ಪರೀಕ್ಷಿಸಲಾಯಿತು. ಇಂಜಿನ್ ಸಹಿತ ವಿಮಾನ 1950ರ ಜೂನ್‌ನಲ್ಲಿ ಹಾರಿತು. ಮರುವರ್ಷ ಟ್ಯಾಂಕ್ ಅವರೇ ಅಧ್ಯಕ್ಷ ಪೆರೋನ್ ಅವರ ಮುಂದೆ ಅದನ್ನು ಹಾರಿಸಿ ತೋರಿಸಿದರು. ಆದರೆ 1951 ಮತ್ತು 1952ರ ಅಪಘಾತಗಳಲ್ಲಿ ಇಬ್ಬರು ಪೈಲಟ್‌ಗಳು ಮೃತಪಟ್ಟರು. 1955ರಲ್ಲಿ ಪೆರೋನ್ ಪದಚ್ಯುತರಾದಾಗ ತಂಡ ಚದುರಿಹೋಯಿತು.

ಬೆಂಗಳೂರಿನಲ್ಲಿ

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭಿಸಿದ ವಿಮಾನ ಕಾರ್ಖಾನೆಗೆ ಸ್ವಂತ ವಿನ್ಯಾಸದ ಅನುಭವ ಅಲ್ಪವೇ ಇತ್ತು. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತ್ತು. ಅದು ಒಂದೇ ಪ್ರೊಪೆಲ್ಲರ್‌ನ ಚಿಕ್ಕ ವಿಮಾನ. ಅಲ್ಲಿಂದ ಐದೇ ವರ್ಷಕ್ಕೆ ವಾಯುಪಡೆ ಕೇಳಿದ್ದು ಶಬ್ದದ ಎರಡು ಪಟ್ಟು ವೇಗದಲ್ಲಿ, 60,000 ಅಡಿ ಎತ್ತರದಲ್ಲಿ ಹಾರಬಲ್ಲ ಬಹೂಪಯೋಗಿ ಯುದ್ಧವಿಮಾನವನ್ನು. ನೆಹರೂ ಸರ್ಕಾರದ ಆಹ್ವಾನದ ಮೇರೆಗೆ ಟ್ಯಾಂಕ್ 1956ರ ಆಗಸ್ಟ್‌ನಲ್ಲಿ ಬಂದರು. ಸಹಾಯಕ ಮಿಟ್ಟೆಲ್‌ಹೂಬರ್ ಸೇರಿದಂತೆ ಹಲವು ಜರ್ಮನ್ ಇಂಜಿನಿಯರುಗಳು ಅವರ ಜೊತೆಗೂಡಿದರು. ಟ್ಯಾಂಕ್ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯೊಂದಿಗೂ ಸಂಬಂಧ ಹೊಂದಿದ್ದರು. ಅಲ್ಲಿ ಓದಿದ ಎ. ಪಿ. ಜೆ. ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಅವರನ್ನು ನೆನೆದಿದ್ದಾರೆ.

ಮರದ ಮಾದರಿ: ಎಕ್ಸ್-241

ಹೊಸ ವಿಮಾನದ ಆಕಾರವನ್ನು ಸಾಮಾನ್ಯವಾಗಿ ಗಾಳಿಸುರಂಗದಲ್ಲಿ ಚಿಕ್ಕ ಮಾದರಿಗಳನ್ನಿಟ್ಟು ಪರೀಕ್ಷಿಸಲಾಗುತ್ತದೆ. ಆದರೆ ಚಿಕ್ಕ ಮಾದರಿಯ ಮೇಲೆ ಗಾಳಿ ವರ್ತಿಸುವ ಬಗೆ ಪೂರ್ಣ ಗಾತ್ರದ ರೆಕ್ಕೆಯ ಮೇಲಿನ ವರ್ತನೆಗೆ ಎಲ್ಲ ವಿಧದಲ್ಲೂ ಸಮನಾಗಿರುವುದಿಲ್ಲ. ಮಿಗಿಲಾಗಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಸ್ಥಾಪನೆಯಾದದ್ದೇ 1959ರಲ್ಲಿ. ಅದರ ಶಬ್ದಾತೀತ ವೇಗದ ದೊಡ್ಡ ಗಾಳಿಸುರಂಗ ಕೆಲಸ ಆರಂಭಿಸಿದ್ದು 1967ರಲ್ಲಿ. ಈ ಪರಿಸ್ಥಿತಿಯಲ್ಲಿ ಟ್ಯಾಂಕ್ ತಂಡ ತಮ್ಮ ಹಳೆಯ ದಾರಿಯನ್ನೇ ಹಿಡಿದು, ವಿಮಾನವನ್ನೇ ಮರದಲ್ಲಿ ಕಟ್ಟಿತು.

ಎಕ್ಸ್-241 ಎಂಬ ಈ ಗ್ಲೈಡರ್ ಮುಂದೆ ಬರಲಿದ್ದ ಯುದ್ಧವಿಮಾನದ ನಿಜ ಅಳತೆಯ ಪ್ರತಿರೂಪ. ರೆಕ್ಕೆಯ ಅಡ್ಡಕೊಯ್ತದ ಆಕಾರ, ಅದರ ಹಿಂಬಾಗು, ಬಾಲ, ನಿಯಂತ್ರಣ ಫಲಕಗಳು ಎಲ್ಲವೂ ಮೂಲ ವಿನ್ಯಾಸದಲ್ಲಿದ್ದಂತೆಯೇ ಇದ್ದವು. ಒಳಸೇರುವ ಗಾಲಿಗಳು, ರೆಕ್ಕೆಯ ಫ್ಲಾಪುಗಳು, ಗಾಳಿಬ್ರೇಕುಗಳು ನಿಜವಾಗಿಯೇ ಕೆಲಸ ಮಾಡುತ್ತಿದ್ದವು. ಇಬ್ಬರು ಕೂರುವ ವ್ಯವಸ್ಥೆಯಿತ್ತು, ಇಂಜಿನ್ ಮಾತ್ರ ಇರಲಿಲ್ಲ. ಅಂಟಿನ ಒಂದು ದೋಷದಿಂದ ಮರದ ವಿಮಾನಗಳು ಬಿದ್ದುದನ್ನು ಕಂಡಿದ್ದ ವಿನ್ಯಾಸಕರು ಮತ್ತೆ ಮರವನ್ನೇ ನೆಚ್ಚಿದ್ದು ಗಮನಾರ್ಹ. ಮರದಲ್ಲಿ ಬೇಗ ಕಟ್ಟಬಹುದು, ಕಡಿಮೆ ಖರ್ಚಿನಲ್ಲಿ ತಿದ್ದಬಹುದು, ಲೋಹದ ಅಚ್ಚುಗಳಿಗಾಗಿ ಕಾಯಬೇಕಾಗಿಲ್ಲ.

ಡಕೋಟಾ ವಿಮಾನವೊಂದು ಈ ಗ್ಲೈಡರ್ ಅನ್ನು ಹಗ್ಗದಿಂದ ಎಳೆದುಕೊಂಡು ಮೇಲೇರುತ್ತಿತ್ತು. ಸಾಕಷ್ಟು ಎತ್ತರ ತಲುಪಿದ ಮೇಲೆ ಗ್ಲೈಡರ್ ಬಿಡಿಸಿಕೊಂಡು ಇಳಿದುಬರುತ್ತಿತ್ತು. ಆ ಇಳಿತದ ಅವಧಿಯಲ್ಲೇ ಪೈಲಟ್ ಅದರ ತಿರುಗುವಿಕೆ, ಸ್ಥಿರತೆ, ಕಡಿಮೆ ವೇಗದಲ್ಲಿ ರೆಕ್ಕೆ ಎತ್ತುಬಲ ಕಳೆದುಕೊಳ್ಳುವ ರೀತಿಗಳನ್ನು ಗಮನಿಸಬೇಕಿತ್ತು. ಇಂಜಿನ್ ಇಲ್ಲದ್ದರಿಂದ ಇಳಿಯುವಾಗ ತಪ್ಪಿದರೆ ಮತ್ತೆ ಮೇಲೇರುವ ಅವಕಾಶವಿರಲಿಲ್ಲ. 3 ಏಪ್ರಿಲ್ 1959ರಂದು ಆರಂಭವಾದ ಈ ಪರೀಕ್ಷೆಗಳಲ್ಲಿ ಒಟ್ಟು 78 ಹಾರಾಟಗಳು ನಡೆದವು. 24 ಮಾರ್ಚ್ 1960ರಂದು ಇಳಿಯುವ ವೇಳೆ ಮೂತಿಯ ಗಾಲಿ ಹೊರಬರದೆ ಗ್ಲೈಡರ್‌ಗೆ ಹೆಚ್ಚಿನ ಹಾನಿಯಾಯಿತು. ಅಷ್ಟರಲ್ಲಿ ಬೇಕಾದ ಮಾಹಿತಿ ದೊರೆತಿತ್ತು. ಮರುತಿಂಗಳೇ ನಿಜವಾದ ವಿಮಾನದ ಜೋಡಣೆ ಶುರುವಾಯಿತು.

ಎಚ್‌ಎಫ್-24 ಮಾರುತ್

ವೇದದ ಗಾಳಿದೇವತೆಗಳ ಹೆಸರನ್ನು ಪಡೆದ ಮಾರುತ್ 17 ಜೂನ್ 1961ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿತು. ಪೈಲಟ್ ವಿಂಗ್ ಕಮಾಂಡರ್ ಸುರಂಜನ್ ದಾಸ್. ಕೆಲವು ದಿನಗಳ ಬಳಿಕ ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರ ಸಮ್ಮುಖದಲ್ಲಿ ಅಧಿಕೃತ ಪ್ರದರ್ಶನ ನಡೆಯಿತು. ಹಾರಾಟದ ಗುಣಗಳು ಉತ್ತಮವಾಗಿದ್ದವು. ಕೊರತೆಯಿದ್ದುದು ಶಕ್ತಿಯದು.

ವಿನ್ಯಾಸವು ಬ್ರಿಟನ್ನಿನ ಬ್ರಿಸ್ಟಲ್ ಸಂಸ್ಥೆಯ ಆರ್ಫಿಯಸ್ 12 ಇಂಜಿನ್ ಅನ್ನು ನೆಚ್ಚಿತ್ತು. ಹೆಚ್ಚುವರಿ ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ಆ ಇಂಜಿನ್ 3,700 ಕಿಲೋಗ್ರಾಂ ನೂಕುಬಲ ನೀಡಬೇಕಿತ್ತು. ಬ್ರಿಟನ್ನಿಗೆ ಅದರ ಅಗತ್ಯ ಇಲ್ಲವಾದಾಗ, ಅಭಿವೃದ್ಧಿಯ ವೆಚ್ಚವನ್ನು ಭಾರತ ಭರಿಸಬೇಕೆಂಬ ಪ್ರಸ್ತಾಪ ಬಂತು. ಭಾರತ ಸರ್ಕಾರ ಒಪ್ಪಲಿಲ್ಲ. ಹೀಗಾಗಿ ತಲಾ 2,200 ಕಿಲೋಗ್ರಾಂ ನೂಕುಬಲದ ಎರಡು ಆರ್ಫಿಯಸ್ 703 ಇಂಜಿನ್‌ಗಳನ್ನೇ ಅಳವಡಿಸಬೇಕಾಯಿತು. ಶಬ್ದದ ಎರಡು ಪಟ್ಟು ವೇಗಕ್ಕೆಂದು ಕಲ್ಪಿಸಿದ ವಿಮಾನ ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು. ಸೋವಿಯತ್ ಇಂಜಿನ್‌ನ ವಿಚಾರವೂ ಕೈಗೂಡಲಿಲ್ಲ. ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಈಜಿಪ್ಟಿನಲ್ಲಿ ರೂಪಿಸಿದ್ದ ಇ-300 ಇಂಜಿನ್ ಅಳವಡಿಸಿದ ಮಾರುತ್ 1967ರ ಮಾರ್ಚ್‌ನಲ್ಲಿ ಹಾರಿದರೂ, ಈಜಿಪ್ಟ್ ಆ ಯೋಜನೆಯನ್ನೇ ಕೈಬಿಟ್ಟಿತು. ಈ ನಡುವೆ 1962ರಲ್ಲಿ ಭಾರತ ಸೋವಿಯತ್ ಮಿಗ್-21 ವಿಮಾನಗಳಿಗಾಗಿ ಒಪ್ಪಂದ ಮಾಡಿಕೊಂಡಿತ್ತು. ಶಬ್ದಾತೀತ ಯುದ್ಧವಿಮಾನದ ಸ್ಥಾನ ಅದಕ್ಕೆ ಹೋಯಿತು.

ವೈಫಲ್ಯಕ್ಕೆ ಟ್ಯಾಂಕ್ ಅವರನ್ನು ಎಷ್ಟರಮಟ್ಟಿಗೆ ಹೊಣೆ ಮಾಡಬೇಕೆಂಬುದು ಚರ್ಚೆಯ ವಿಷಯ. ಇನ್ನೂ ಪೂರ್ಣಗೊಳ್ಳದ ಇಂಜಿನ್ ಒಂದನ್ನೇ ನಂಬಿ ವಿಮಾನ ರೂಪಿಸಿದ್ದು ದುಡುಕು ಎನ್ನಬಹುದು. ಆದರೆ ಇಂಜಿನ್‌ಗೆ ಹಣ ಕೊಡುವ ನಿರ್ಧಾರ ವಿನ್ಯಾಸಕರದಾಗಿರಲಿಲ್ಲ. ಮರದ ಮಾದರಿ ರೆಕ್ಕೆ, ಬಾಲಗಳ ಬಗೆಗಿನ ಪ್ರಶ್ನೆಗಳಿಗೆ ಸರಿಯಾದ ಉತ್ತರಗಳನ್ನೇ ಕೊಟ್ಟಿತ್ತು. ಇಂಜಿನ್‌ನ ಪ್ರಶ್ನೆ ಅದರ ವ್ಯಾಪ್ತಿಗೆ ಹೊರಗಿತ್ತು.

ಒಟ್ಟು 147 ಮಾರುತ್‌ಗಳು ತಯಾರಾದವು. ಅವುಗಳಲ್ಲಿ 18 ಎರಡು ಆಸನಗಳ ತರಬೇತಿ ವಿಮಾನಗಳು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲಿನ ದಾಳಿಗೆ ಬಳಕೆಯಾದ ಮಾರುತ್‌ಗಳಲ್ಲಿ ಒಂದೂ ವಾಯುಕಾಳಗದಲ್ಲಿ ಬೀಳಲಿಲ್ಲ. ನೆಲದ ಗುಂಡಿನಿಂದ ಒಂದು ಇಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದ ಮರಳಿದ ಉದಾಹರಣೆಗಳಿವೆ. ಮೊದಲ ಹಾರಾಟ ನಡೆಸಿದ ಸುರಂಜನ್ ದಾಸ್ ಮಾತ್ರ ಈ ಯುದ್ಧವನ್ನು ಕಾಣಲಿಲ್ಲ. ಹೆಚ್ಚಿನ ಶಕ್ತಿಗಾಗಿ ಮಾರ್ಪಡಿಸಿದ ಮಾರುತ್ ಒಂದರ ಪರೀಕ್ಷೆಯಲ್ಲಿ 10 ಜನವರಿ 1970ರಂದು ಬೆಂಗಳೂರಿನಲ್ಲಿ ಅವರು ಮೃತಪಟ್ಟರು. ಎಚ್‌ಎಎಲ್ ಸಮೀಪದ ಸುರಂಜನ್ ದಾಸ್ ರಸ್ತೆ ಅವರ ಹೆಸರನ್ನೇ ಹೊತ್ತಿದೆ.

ಕೊನೆಯ ವರ್ಷಗಳು

ಟ್ಯಾಂಕ್ 1967ರಲ್ಲಿ ಎಚ್‌ಎಎಲ್ ತೊರೆದು ಜರ್ಮನಿಗೆ ಮರಳಿದರು. ಅಲ್ಲಿ ಎಂಬಿಬಿ ವಿಮಾನ ಸಂಸ್ಥೆಗೆ ಸಲಹೆಗಾರರಾಗಿದ್ದರು. 1983ರಲ್ಲಿ ಮ್ಯೂನಿಕ್‌ನಲ್ಲಿ ನಿಧನರಾದರು.

ಮಾದರಿ ಕಟ್ಟುವವರಲ್ಲಿ

ಪ್ಲಾಸ್ಟಿಕ್ ಮಾದರಿ ಕಟ್ಟುವ ಹವ್ಯಾಸಿಗಳಿಗೆ ಟ್ಯಾಂಕ್ ಅವರ ವಿಮಾನಗಳು ಅಚ್ಚುಮೆಚ್ಚು. ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆ ಎಫ್‌ಡಬ್ಲ್ಯು 190ರ ದೊಡ್ಡ ಮಾದರಿಯನ್ನು ನಿಜ ಗಾತ್ರದ 24ನೆಯ ಒಂದು ಅಳತೆಯಲ್ಲಿ ಹೊರತಂದಿದೆ. ಬಣ್ಣ ಬಳಿಯುವುದೇ ಇಲ್ಲಿ ದೊಡ್ಡ ಸವಾಲು. ಮೇಲ್ಭಾಗದಲ್ಲಿ ಎರಡು ಬಗೆಯ ಬೂದು, ಕೆಳಭಾಗದಲ್ಲಿ ತಿಳಿನೀಲಿ, ಪಕ್ಕಗಳಲ್ಲಿ ಅಂಚು ಕಾಣದಂತೆ ಬೆರೆತ ಮಚ್ಚೆಗಳು ಇದರ ಸಾಮಾನ್ಯ ಮರೆಬಣ್ಣ. ಯುದ್ಧದ ಕೊನೆಯಲ್ಲಿ ಜೆಟ್ ನಿಲ್ದಾಣಗಳನ್ನು ಕಾಯುತ್ತಿದ್ದ ಕೆಲವು ವಿಮಾನಗಳ ಹೊಟ್ಟೆಗೆ, ತಮ್ಮವರೇ ಗುಂಡು ಹಾರಿಸದಿರಲೆಂದು, ಕೆಂಪು ಬಣ್ಣ ಬಳಿದು ಬಿಳಿ ಪಟ್ಟೆ ಎಳೆಯಲಾಗಿತ್ತು. ಗಿಳಿದಂಡು ಎಂಬ ಅಡ್ಡಹೆಸರಿನ ಈ ವಿಮಾನಗಳು ಹವ್ಯಾಸಿಗಳ ಕಪಾಟುಗಳಲ್ಲಿ ಹೆಚ್ಚಾಗಿ ಕಾಣುತ್ತವೆ.

ನಿಜವಾದ ಮಾರುತ್ ವಿಮಾನಗಳನ್ನು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಆವರಣದಲ್ಲಿ ಹಾಗೂ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಇನ್ನೊಂದು ಮಾರುತ್ ಟ್ಯಾಂಕ್ ಅವರು ಕೊನೆಯುಸಿರೆಳೆದ ಮ್ಯೂನಿಕ್‌ನ ಹೊರವಲಯದ ಶ್ಲೈಸ್‌ಹೈಮ್‌ನಲ್ಲಿ, ಜರ್ಮನ್ ವಸ್ತುಸಂಗ್ರಹಾಲಯದ ವಿಮಾನ ವಿಭಾಗದಲ್ಲಿದೆ.