ಎದುರಾಳಿಗೆ ಕೊಟ್ಟ ಸ್ಪಾರ್ಕ್ ಪ್ಲಗ್

ನಂಜನಗೂಡಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಮಂಡಕಳ್ಳಿ ವಿಮಾನ ನಿಲ್ದಾಣ ಸಿಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆ ನಿತ್ಯ ಬಸ್ಸಿನಲ್ಲಿ ಓಡಾಡುವ ನನಗೆ ಅದನ್ನು ಕಂಡಾಗಲೆಲ್ಲ ಜೆ.ಆರ್.ಡಿ. ಟಾಟಾ ನೆನಪಾಗುತ್ತಾರೆ.

1904ರ ಜುಲೈ 29ರಂದು ಪ್ಯಾರಿಸ್‌ನಲ್ಲಿ ಹುಟ್ಟಿದ ಜೆ.ಆರ್.ಡಿ.ಗೆ ಬಾಲ್ಯದಿಂದಲೇ ವಿಮಾನದ ಹುಚ್ಚು. 1929ರ ಫೆಬ್ರುವರಿ 10ರಂದು ಅವರು ಪಡೆದ ಪೈಲಟ್ ಲೈಸೆನ್ಸ್ ಭಾರತದಲ್ಲಿ ನೀಡಲಾದ ಮೊದಲನೆಯದು. ಮರುವರ್ಷ ಆಗಾ ಖಾನ್ ಬಹುಮಾನದ ಸ್ಪರ್ಧೆ ನಡೆಯಿತು. ಭಾರತ ಮತ್ತು ಇಂಗ್ಲೆಂಡ್ ನಡುವೆ ಒಬ್ಬಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ 500 ಪೌಂಡ್. ಜೆ.ಆರ್.ಡಿ. ಕರಾಚಿಯಿಂದ ಹೊರಟರೆ, ಇನ್ನೂ ಹದಿಹರೆಯದ ಆಸ್ಪಿ ಎಂಜಿನಿಯರ್ ಇಂಗ್ಲೆಂಡ್‌ನಿಂದ ಹೊರಟಿದ್ದರು.

ಈಜಿಪ್ಟ್‌ನ ಅಬುಕಿರ್‌ನಲ್ಲಿ ಇಬ್ಬರೂ ಎದುರಾದರು. ಸ್ಪಾರ್ಕ್ ಪ್ಲಗ್ ಇಲ್ಲದೆ ಆಸ್ಪಿ ಅಲ್ಲೇ ಸಿಕ್ಕಿಬಿದ್ದಿದ್ದರು. ಎಂಜಿನ್‌ಗೆ ಕಿಡಿ ಕೊಡುವ ಆ ಪುಟ್ಟ ಭಾಗವಿಲ್ಲದೆ ವಿಮಾನ ಮೇಲೇಳದು. ಸುಮ್ಮನೆ ಮುಂದೆ ಹೋಗಿದ್ದರೆ ಜೆ.ಆರ್.ಡಿ.ಯನ್ನು ಯಾರೂ ದೂರುತ್ತಿರಲಿಲ್ಲ. ಆದರೆ ಅವರು ತಮ್ಮಲ್ಲಿದ್ದ ಹೆಚ್ಚುವರಿ ಪ್ಲಗ್ ಕೊಟ್ಟರು. ಆಸ್ಪಿ ತಮ್ಮ ಲೈಫ್ ಜಾಕೆಟ್ ಕೊಟ್ಟರು. ಕೊನೆಗೆ ಕೆಲವೇ ಗಂಟೆಗಳ ಅಂತರದಲ್ಲಿ ಗೆದ್ದದ್ದು ಆಸ್ಪಿ! ಅದೇ ಹುಡುಗ 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ಸೋತವರೂ ಅಲ್ಲಿಗೇ ನಿಲ್ಲಲಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯಿಂದ ಮುಂಬೈಗೆ ಪುಟ್ಟ ವಿಮಾನದಲ್ಲಿ ಅಂಚೆ ತಂದರು. ಅಲ್ಲಿಂದ ಅದನ್ನು ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಆ ಸಂಸ್ಥೆಯೇ ಮುಂದೆ ಏರ್ ಇಂಡಿಯಾ ಆಯಿತು. 1953ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡ ಮೇಲೂ ಅವರು ಸಂಬಳವಿಲ್ಲದೆ ಅಧ್ಯಕ್ಷರಾಗಿ ದುಡಿದರು. ಪ್ರಯಾಣಿಕನಾಗಿ ಕುಳಿತಾಗಲೂ ಊಟ, ಸ್ವಚ್ಛತೆಯ ಲೋಪಗಳನ್ನು ಗುರುತಿಸಿ ಟಿಪ್ಪಣಿ ಬರೆಯುತ್ತಿದ್ದರು. 1978ರಲ್ಲಿ ಸರ್ಕಾರ ಅವರನ್ನು ಆ ಸ್ಥಾನದಿಂದ ತೆಗೆಯಿತು. ಹಾರುವ ಪ್ರೀತಿ ಮಾತ್ರ ಹೋಗಲಿಲ್ಲ. 1982ರಲ್ಲಿ, 78ನೇ ವಯಸ್ಸಿನಲ್ಲಿ, ಆ ಮೊದಲ ಅಂಚೆ ಹಾರಾಟವನ್ನು ಮತ್ತೆ ಹಾರಿ ತೋರಿಸಿದರು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಅವರ ಕನಸಿನ ಕೂಸು. 1992ರಲ್ಲಿ ಭಾರತ ರತ್ನ ಸಂದಿತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ನಿಧನರಾದರು.

ತರಬೇತಿಗೆ ತಿ. ನರಸೀಪುರದಿಂದ ಬರುವ ಗೆಳೆಯನೊಬ್ಬ ಕಳೆದ ತಿಂಗಳು ಜ್ವರದಿಂದ ತರಗತಿ ತಪ್ಪಿಸಿಕೊಂಡು ನನ್ನ ನೋಟ್ಸ್ ಕೇಳಿದ್ದ. ಇಬ್ಬರೂ ಒಂದೇ ಹುದ್ದೆಗೆ ಅರ್ಜಿ ಹಾಕಿದವರು. ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎಂದು ಸುಳ್ಳು ಹೇಳಿದೆ. ನೋಟ್ಸ್ ಬ್ಯಾಗಿನಲ್ಲೇ ಇತ್ತು. ಅಬುಕಿರ್‌ನ ಕಥೆ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಜೆರಾಕ್ಸ್ ಮಾಡಿಸಿ ಕೊಟ್ಟೆ. ಹುದ್ದೆ ಯಾರಿಗೆ ಸಿಕ್ಕರೂ ಸರಿ, ಅವನ ಮುಖ ನೋಡಿ ಮಾತನಾಡಲು ನನಗೀಗ ಅಳುಕಿಲ್ಲ.