ಬಟ್ಟೆ ಒಗೆದ ಕೈಗಳೇ ಕಾರ್ಖಾನೆ ಕಟ್ಟಿದವು: ಮೇಡಂ ವಾಕರ್ ಬದುಕು

ಹೊಸೂರು: ತೆಳುವಾದ ಕೂದಲಿಗೆ ಚೌರಿ ಸೇರಿಸಿ ಜಡೆ ಹೆಣೆಯುವುದು ನಮ್ಮ ಗಡಿ ಊರುಗಳಲ್ಲಿ ಹಳೆಯ ರೂಢಿ. ನಾವು ಚೌರಿ ಎಂದರೆ ತಮಿಳರು ಸವುರಿ ಎನ್ನುತ್ತಾರೆ. ಈಗ ಕೂದಲು ನಾಟಿ ಮಾಡುವ ಕ್ಲಿನಿಕ್‌ಗಳೂ ಬಂದಿವೆ. ನಾಟಿ ಎಂಬುದೇ ಇಲ್ಲದ ಕಾಲದಲ್ಲಿ, ಆಫ್ರಿಕಾ ಮೂಲದ ಹೆಂಗಸರ ಗುಂಗುರು ಕೂದಲಿನ ಕಷ್ಟವನ್ನು ಬಲ್ಲ ಒಬ್ಬ ಮಹಿಳೆ ಅಮೆರಿಕದಲ್ಲಿದ್ದರು. ಅವರೇ ಮೇಡಂ ಸಿ.ಜೆ. ವಾಕರ್.

ಹುಟ್ಟು ಹೆಸರು ಸಾರಾ ಬ್ರೀಡ್‌ಲವ್. 1867ರ ಡಿಸೆಂಬರ್ 23ರಂದು ಲೂಯಿಸಿಯಾನಾದ ಡೆಲ್ಟಾ ಎಂಬ ಊರಲ್ಲಿ ಜನನ. ತಂದೆ ತಾಯಿ ಹತ್ತಿ ಹೊಲದಲ್ಲಿ ಗುಲಾಮರಾಗಿ ದುಡಿದವರು. ಆ ಮನೆಯಲ್ಲಿ ಸ್ವತಂತ್ರಳಾಗಿ ಹುಟ್ಟಿದ ಮೊದಲ ಮಗು ಈಕೆ. ಏಳಕ್ಕೆ ತಬ್ಬಲಿ, ಹದಿನಾಲ್ಕಕ್ಕೆ ಮದುವೆ, ಇಪ್ಪತ್ತರ ಹೊತ್ತಿಗೆ ಎರಡು ವರ್ಷದ ಮಗಳ ಜೊತೆ ವಿಧವೆ. ಅಣ್ಣಂದಿರು ಕ್ಷೌರಿಕರಾಗಿದ್ದ ಸೇಂಟ್ ಲೂಯಿಸ್ ನಗರಕ್ಕೆ ಹೋಗಿ ಊರವರ ಬಟ್ಟೆ ಒಗೆದರು. ದಿನಕ್ಕೆ ಒಂದು ಡಾಲರ್ ಚಿಲ್ಲರೆ ಸಂಪಾದನೆ. ಅದರಲ್ಲೇ ಮಗಳನ್ನು ಓದಿಸಿದರು.

ಅಷ್ಟರಲ್ಲಿ ತಲೆಯ ಚರ್ಮ ಕೆಟ್ಟು ಕೂದಲು ಉದುರತೊಡಗಿತು. ಬಡವರ ಮನೆಗಳಿಗೆ ನಲ್ಲಿ ನೀರಿಲ್ಲದ ದಿನಗಳವು. ತಲೆಸ್ನಾನವೇ ಅಪರೂಪ, ಸೋಪೋ ಬಲು ಖಾರ. ಆನಿ ಮಲೋನ್ ಎಂಬ ಕಪ್ಪು ಮಹಿಳೆ ಆಗಲೇ ಕೂದಲ ಮದ್ದು ತಯಾರಿಸುತ್ತಿದ್ದರು. ಸಾರಾ ಅವರ ಏಜೆಂಟ್ ಆದರು. 1905ರಲ್ಲಿ ಡೆನ್ವರ್‌ಗೆ ಹೋಗಿ, ಮರುವರ್ಷ ಚಾರ್ಲ್ಸ್ ವಾಕರ್ ಎಂಬುವರನ್ನು ಮದುವೆಯಾಗಿ, ಅದೇ ಹೆಸರಲ್ಲಿ ಸ್ವಂತ ಮುಲಾಮು ಮಾರತೊಡಗಿದರು. ಅದರ ಗುಟ್ಟು ಕನಸಿನಲ್ಲಿ ತಿಳಿಯಿತು ಎಂದು ಹೇಳಿಕೊಂಡರು. ಜಾಹೀರಾತಿಗೆ ಕನಸು ಒಳ್ಳೆಯದೇ. ಆದರೆ ಗಂಧಕ ಬೆರೆಸಿದ ಮುಲಾಮು ಮೊದಲೂ ಇತ್ತು, ಮಲೋನ್ ಅವರ ಸಿಟ್ಟಿಗೂ ಕಾರಣವಿತ್ತು.

ಕಾಯಿಸಿದ ಬಾಚಣಿಗೆಯನ್ನು ವಾಕರ್ ಕಂಡುಹಿಡಿದರು ಎಂಬುದು ತಪ್ಪು. ಅದು ಮೊದಲೇ ಇತ್ತು, ಇವರು ಬಳಕೆಗೆ ತಂದರು, ಅಷ್ಟೆ. ನೆತ್ತಿಯಲ್ಲಿ ಕಲೆಗಟ್ಟಿ ಕೂದಲು ಹೋಗುವ ಕಾಯಿಲೆಗೆ ವೈದ್ಯರು 1968ರಲ್ಲಿ ಆ ಬಾಚಣಿಗೆಯ ಹೆಸರನ್ನೇ ಇಟ್ಟರು. ಬಾಚಣಿಗೆಯೊಂದೇ ಕಾರಣವಲ್ಲ, ವಂಶದ ಪಾಲೂ ಇದೆ ಎಂದು ಆಮೇಲೆ ತಿಳಿಯಿತು. ಜಡೆಯನ್ನು ಬಿಗಿದು ಎಳೆದರೆ ಹಣೆಯಂಚಿನ ಕೂದಲು ಹೋಗುವುದು ಬೇರೆ ತೊಂದರೆ. ಅದು ನಮ್ಮ ಹೆಣ್ಣುಮಕ್ಕಳಿಗೂ ಬರುತ್ತದೆ.

ಇಂಥವರಿಗೆ ನಾಟಿ ಸುಲಭವಲ್ಲ. ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೀಚ್ 1952ರಲ್ಲಿ ಇದನ್ನು ಆರಂಭಿಸಿದಾಗ ನೇರ ಕೊಳವೆಯಂಥ ಸಾಧನದಿಂದ ಚರ್ಮ ಕತ್ತರಿಸಿ ನೆಡುತ್ತಿದ್ದರು. ಗುಂಗುರು ಕೂದಲು ಚರ್ಮದೊಳಗೂ ಕುಡುಗೋಲಿನಂತೆ ಬಾಗಿರುತ್ತದೆ. ನೇರ ಸಾಧನ ಇಳಿಸಿದರೆ ಬೇರೇ ತುಂಡಾಗುತ್ತದೆ. ಅದಕ್ಕೇ ಹಿಂದಲೆಯಿಂದ ಪಟ್ಟಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಬಿಡಿಸುವ ಕ್ರಮವನ್ನು ಬಹುಕಾಲ ನೆಚ್ಚಿದರು. ಈಗ ಬಾಗಿದ ಸಾಧನಗಳೂ ಇವೆ. ಗಾಯ ಗಂಟುಗಟ್ಟುವ ಮೈಯಾದರೆ ಮೊದಲು ಕೆಲವೇ ಕೂದಲು ನೆಟ್ಟು ನೋಡುತ್ತಾರೆ. ನೆತ್ತಿಯ ಕಾಯಿಲೆ ಅಡಗಿ ಒಂದು ವರ್ಷವಾದರೂ ಆಗಿರಬೇಕು, ಇಲ್ಲವಾದರೆ ನೆಟ್ಟದ್ದೂ ಉದುರುತ್ತದೆ. ಅನುಕೂಲವೂ ಉಂಟು: ಗುಂಗುರು ಕೂದಲು ಕಡಿಮೆ ಇದ್ದರೂ ತಲೆ ತುಂಬಿದಂತೆ ಕಾಣುತ್ತದೆ. ಯಲ್ಲಾಪುರ, ಹಳಿಯಾಳದ ನಮ್ಮ ಸಿದ್ದಿಯರದೂ ಇಂಥದೇ ಕೂದಲು.

ವಾಕರ್ 1910ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕಾರ್ಖಾನೆ ಕಟ್ಟಿದರು. ಅಡುಗೆ, ಮುಸುರೆ ಬಿಟ್ಟರೆ ಬೇರೆ ಕೆಲಸ ಸಿಗದಿದ್ದ ಸಾವಿರಾರು ಕಪ್ಪು ಹೆಂಗಸರು ಏಜೆಂಟರಾಗಿ ಸ್ವಂತ ದುಡ್ಡು ಕಂಡರು. ನನ್ನ ಲೆಕ್ಕದಲ್ಲಿ ಮುಲಾಮಿಗಿಂತ ಇದು ದೊಡ್ಡದು. 1912ರಲ್ಲಿ ಕಪ್ಪು ವ್ಯಾಪಾರಿಗಳ ಸಮ್ಮೇಳನದಲ್ಲಿ ಬುಕರ್ ಟಿ. ವಾಷಿಂಗ್ಟನ್ ಮಾತಿಗೆ ಅವಕಾಶ ಕೊಡದಾಗ, ಕರೆಯದೆಯೇ ಎದ್ದುನಿಂತು ಮಾತಾಡಿದರು. ಮರುವರ್ಷ ಅದೇ ಸಮ್ಮೇಳನ ಅವರನ್ನು ಭಾಷಣಕ್ಕೆ ಕರೆಯಿತು. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದರ ವಿರುದ್ಧ 1917ರಲ್ಲಿ ಶ್ವೇತಭವನಕ್ಕೆ ಹೋದ ನಿಯೋಗದಲ್ಲೂ ಇದ್ದರು.

ಮೂತ್ರಪಿಂಡ ಮತ್ತು ರಕ್ತದೊತ್ತಡದ ಕಾಯಿಲೆಯಿಂದ 1919ರ ಮೇ 25ರಂದು, 51ನೇ ವಯಸ್ಸಿನಲ್ಲಿ ತೀರಿಕೊಂಡರು. ಕೋಟ್ಯಧೀಶೆ ಎಂಬ ಹೆಸರಿದ್ದರೂ ಆಸ್ತಿ ಸುಮಾರು ಆರು ಲಕ್ಷ ಡಾಲರ್ ಎಂದು ಲೆಕ್ಕವಾಯಿತು. ಕಂಪನಿಯ ಮುಂದಿನ ಲಾಭದಲ್ಲಿ ಮೂರರಲ್ಲಿ ಎರಡು ಪಾಲು ದಾನಕ್ಕೆ ಹೋಗಬೇಕೆಂದು ಉಯಿಲಿನಲ್ಲಿ ಬರೆಸಿದ್ದರು.